ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವ ತಂದೆಯವರಿಗೆ ವ್ಯಾಯಾಮ ಮಾಡಿಸಬಹುದೇ?

ಪ್ರಶ್ನೆ: ಬನಶಂಕರಿಯಿಂದ ಒಬ್ಬ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಈಗ 71 ವರ್ಷ. ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೊನ್ನೆ ಮೊನ್ನೆಯವರೆಗೂ ತುಂಬಿದ ಗ್ಯಾಸ್ ಸಿಲಿಂಡರನ್ನು ಯಾರ ಸಹಾಯವೂ ಇಲ್ಲದೆ ಅಡುಗೆಮನೆಗೆ ಸಾಗಿಸುತ್ತಿದ್ದರು. ಕಳೆದ ವರ್ಷ ಮೂತ್ರ ಸರಿಯಾಗಿ ಹೋಗುತ್ತಿಲ್ಲವೆಂದು ವೈದ್ಯರಲ್ಲಿಗೆ ಹೋದಾಗ ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ತೊಂದರೆಯನ್ನು ಸೂಚಿಸುವ ಅಂಶ) ಬಹಳ ಹೆಚ್ಚಿರುವುದು ತಿಳಿಯಿತು. ಬಯಾಪ್ಸಿಯ ನಂತರ ಮಾಡಿಸಿದ ಪಿಎಸ್‌ಎಂಎ ಪೆಟ್ ಸ್ಕ್ಯಾನಿನಲ್ಲಿ (ಈ ಕ್ಯಾನ್ಸರ್ ದೇಹದಲ್ಲಿ ಎಲ್ಲೆಲ್ಲಿ ಹರಡಿದೆ ಎಂದು ತೋರಿಸುವ ಸ್ಕ್ಯಾನ್), ಕಾಯಿಲೆಯು ಬೆನ್ನುಮೂಳೆಯ ಕೆಳಭಾಗಕ್ಕೂ ಎರಡು ಪಕ್ಕೆಲುಬುಗಳಿಗೂ ಹರಡಿದೆ ಎಂದು ವರದಿ ಬಂತು. ಗಂಡಸರ ಹಾರ್ಮೋನನ್ನು ತಡೆಯುವ ಹಾರ್ಮೋನ್ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದಾರೆ, ಅದರ ಜೊತೆಗೆ ದಿನವೂ ಅದೇ ಹಾರ್ಮೋನನ್ನು ತಡೆಯುವ ಅಬಿರಾಟೆರೋನ್ ಮತ್ತು ಸ್ಟೀರಾಯ್ಡ್ ಆದ ಪ್ರೆಡ್ನಿಸೊಲೋನ್ ಮಾತ್ರೆಗಳಿವೆ. ಪಿಎಸ್‌ಎ ಚೆನ್ನಾಗಿ ಇಳಿದಿದೆ, ಆ ಮಟ್ಟಿಗೆ ನಮಗೆ ನೆಮ್ಮದಿ.

ಆದರೆ ರಿಪೋರ್ಟು ಸುಧಾರಿಸಿದಷ್ಟು ಅಪ್ಪ ಸುಧಾರಿಸಿಲ್ಲ. ಹೊಟ್ಟೆ ಮುಂದೆ ಬಂದಿದೆ, ತೊಡೆ ಮತ್ತು ತೋಳುಗಳು ಬಡಕಲಾಗಿವೆ. ದಿವಾನದಿಂದ ಏಳಬೇಕಾದರೆ ಎರಡೂ ಕೈ ಊರಿ, ಒಮ್ಮೆ ಹಿಂದಕ್ಕೆ ಜಗ್ಗಿ, ಆಮೇಲೆ ಮುಂದಕ್ಕೆ ಬಾಗಿ ಏಳುತ್ತಾರೆ. ಮಹಡಿಯ ಮೆಟ್ಟಿಲು ಹತ್ತುವಾಗ ನಡುವೆ ನಿಂತುಕೊಳ್ಳುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಮಲಗಿದರೆ ದೀಪ ಹಚ್ಚುವ ಹೊತ್ತಿಗೇ ಏಳುವುದು, ಅಷ್ಟು ಮಲಗಿದರೂ ಸುಸ್ತು ಹೋಗುವುದಿಲ್ಲ. ವೈದ್ಯರು “ಆದಷ್ಟು ವಾಕಿಂಗ್ ಮಾಡಿ” ಎಂದಿದ್ದಾರೆ. ಚಿಕ್ಕಪ್ಪನವರು, ಮೂಳೆಗೆ ಬಂದ ಮೇಲೆ ಸುಮ್ಮನೆ ಹಾಸಿಗೆಯಲ್ಲಿರುವುದೇ ಕ್ಷೇಮ, ಎಲ್ಲಾದರೂ ಮುರಿದೀತು ಎನ್ನುತ್ತಾರೆ. ಪಾರ್ಕಿನ ಗೆಳೆಯರು ಯೋಗಕ್ಕೆ ಕರೆಯುತ್ತಿದ್ದಾರೆ. ನನ್ನ ತಮ್ಮ ಡಂಬಲ್ ತಂದುಕೊಡುತ್ತೇನೆ ಎನ್ನುತ್ತಾನೆ.

ಇವುಗಳಲ್ಲಿ ಯಾವುದನ್ನು ನಂಬಬೇಕು? ಭಾರ ಎತ್ತುವ ವ್ಯಾಯಾಮ ಇಂಥವರಿಗೆ ಸಲ್ಲುತ್ತದೆಯೇ? ವ್ಯಾಯಾಮ ಮಾಡಿದರೆ ಗಂಡಸರ ಹಾರ್ಮೋನು ಹೆಚ್ಚಿ ಕಾಯಿಲೆ ಮತ್ತೆ ಕೆರಳುತ್ತದೆ ಎಂದು ಒಬ್ಬರು ಹೇಳಿದರು, ಆ ಮಾತು ನನ್ನನ್ನು ತುಂಬಾ ಕಾಡುತ್ತಿದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಜಯನಗರದ ಫಿಜಿಯೋಥೆರಪಿಸ್ಟ್

ನಿಮ್ಮ ತಂದೆಯವರು ದಿವಾನದಿಂದ ಏಳುವ ಬಗೆಯನ್ನು ನೀವು ಬರೆದಿರುವ ರೀತಿಯಲ್ಲೇ ಅರ್ಧ ಉತ್ತರವಿದೆ. ಅದು ಕ್ಯಾನ್ಸರಿನ ಸುಸ್ತು ಮಾತ್ರವಲ್ಲ, ತೊಡೆಯ ಮುಂಭಾಗದ ಮತ್ತು ಪೃಷ್ಠದ ಸ್ನಾಯುಗಳು ಕರಗಿರುವುದರ ಗುರುತು. ಪ್ರಾಸ್ಟೇಟ್ ಕ್ಯಾನ್ಸರ್ ಗಂಡು ಹಾರ್ಮೋನಿನ ಆಸರೆಯಲ್ಲಿ ಬೆಳೆಯುತ್ತದೆ, ಅದನ್ನು ತಡೆದರೆ ಕಾಯಿಲೆ ಕುಗ್ಗುತ್ತದೆ ಎಂಬುದನ್ನು ಶಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಅವರು 1941ರಲ್ಲಿ ತೋರಿಸಿಕೊಟ್ಟರು, ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಇಂದಿನ ಇಂಜೆಕ್ಷನ್ನುಗಳು ನಿಂತಿರುವುದು ಅದೇ ತಳಹದಿಯ ಮೇಲೆ. ಆದರೆ ಸ್ನಾಯುವನ್ನು ಕಟ್ಟುವುದೂ ಮೂಳೆಯನ್ನು ಗಟ್ಟಿಯಾಗಿಡುವುದೂ ಅದೇ ಹಾರ್ಮೋನು. ಅದನ್ನು ನಿಲ್ಲಿಸಿದಾಗ ಸ್ನಾಯು ಇಳಿಯುತ್ತದೆ, ಕೊಬ್ಬು ಏರುತ್ತದೆ, ಮೂಳೆ ಸವೆಯುತ್ತದೆ, ಸಕ್ಕರೆಯ ಹತೋಟಿ ತಪ್ಪುತ್ತದೆ, ರಕ್ತದಲ್ಲಿ ಹಿಮೋಗ್ಲೋಬಿನ್ ಸಹ ಸ್ವಲ್ಪ ಇಳಿಯುತ್ತದೆ. ಇಷ್ಟರ ಮೇಲೆ ಹಾಸಿಗೆಯನ್ನೂ ಹಿಡಿದರೆ ಉಳಿದ ಸ್ನಾಯುವೂ ಕರಗುತ್ತದೆ. ಚಿಕ್ಕಪ್ಪನವರ ಕಾಳಜಿ ದೊಡ್ಡದು, ಆದರೆ ಹಾಸಿಗೆ ಇಲ್ಲಿ ಕ್ಷೇಮವಲ್ಲ. ಕಾಲಿನ ಬಲ ಹೋದವರು ಬೀಳುತ್ತಾರೆ, ಸವೆದ ಮೂಳೆ ಮುರಿಯುವುದು ಹೆಚ್ಚಾಗಿ ಹಾಗೆ ಬಿದ್ದಾಗಲೇ.

ವಾಕಿಂಗ್ ಒಳ್ಳೆಯದೇ. ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ, ಮನಸ್ಸಿಗೆ ಅದು ಬೇಕು. ಆದರೆ ವಾಕಿಂಗ್ ಒಂದರಿಂದಲೇ ಸ್ನಾಯು ಮರಳಿ ಬರುವುದಿಲ್ಲ. ಸ್ನಾಯುವಿಗೆ ಅದು ದಿನನಿತ್ಯ ಹೊರುವುದಕ್ಕಿಂತ ಸ್ವಲ್ಪ ಹೆಚ್ಚಿನ ಕೆಲಸ ಕೊಟ್ಟು, ಅದಕ್ಕೆ ಒಗ್ಗಿದ ಮೇಲೆ ಇನ್ನೂ ಸ್ವಲ್ಪ ಹೆಚ್ಚಿಸುತ್ತ ಹೋದರೆ ಮಾತ್ರ ಅದು ಬೆಳೆಯುತ್ತದೆ. ಹಾರ್ಮೋನು ಇಲ್ಲದ ದೇಹದಲ್ಲಿ ಇದು ಸಾಧ್ಯವೇ ಎಂಬ ಸಂಶಯ ಸಹಜ. ಕೆನಡಾದಲ್ಲಿ 155 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾರ್ಮೋನ್ ಚಿಕಿತ್ಸೆಯಲ್ಲಿದ್ದ ಗಂಡಸರು ವಾರಕ್ಕೆ ಮೂರು ಬಾರಿಯಂತೆ 12 ವಾರ ಭಾರದ ವ್ಯಾಯಾಮ ಮಾಡಿದಾಗ ಅವರ ಬಲ ಹೆಚ್ಚಿತು, ಆಯಾಸ ಕಡಿಮೆಯಾಯಿತು. ಅವರ ಟೆಸ್ಟೋಸ್ಟೆರೋನ್ (ಅದೇ ಗಂಡು ಹಾರ್ಮೋನು) ಆಗಲಿ ಪಿಎಸ್‌ಎ ಆಗಲಿ ಅದರಿಂದ ಏರಲಿಲ್ಲ. ಇಂಜೆಕ್ಷನ್ ಹಾರ್ಮೋನನ್ನು ಮೂಲದಲ್ಲೇ ತಡೆದಿರುವಾಗ, ಡಂಬಲ್ ಎತ್ತಿದ ಮಾತ್ರಕ್ಕೆ ಅದು ಮತ್ತೆ ಹುಟ್ಟಿಕೊಳ್ಳುವುದಿಲ್ಲ. ನಿಮ್ಮನ್ನು ಕಾಡುತ್ತಿರುವ ಆ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ.

ಮೂಳೆಗೆ ಹರಡಿದವರ ಮಾತು ಬೇರೆಯಲ್ಲವೇ ಎಂದು ನೀವು ಕೇಳಬಹುದು. ಆಸ್ಟ್ರೇಲಿಯಾದ ಪರ್ತ್ ನಗರದ ಎಡಿತ್ ಕೋವನ್ ವಿಶ್ವವಿದ್ಯಾಲಯದ ತಂಡ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 57 ಗಂಡಸರ ಈ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು ಸುಮಾರು 70, ಅಂದರೆ ನಿಮ್ಮ ತಂದೆಯವರ ಓರಗೆಯವರೇ. ಪ್ರತಿಯೊಬ್ಬರ ಸ್ಕ್ಯಾನ್ ನೋಡಿ, ಗಡ್ಡೆ ಇರುವ ಮೂಳೆಯ ಮೇಲೆ ನೇರವಾಗಿ ಭಾರ ಬೀಳುವ ಚಲನೆಗಳನ್ನು ಬಿಟ್ಟು, ಉಳಿದ ಅಂಗಗಳಿಗೆ ಪರಿಣತರ ಎದುರಿನಲ್ಲೇ ಮೂರು ತಿಂಗಳು ವ್ಯಾಯಾಮ ಕೊಟ್ಟರು. ಕಾಲಿನ ಬಲ ಹೆಚ್ಚಿತು, ದಿನನಿತ್ಯದ ಕೆಲಸಗಳು ಸುಲಭವಾದವೆಂದು ಅವರೇ ಹೇಳಿದರು. ವ್ಯಾಯಾಮದಿಂದ ಒಬ್ಬರಿಗೂ ಮೂಳೆ ಮುರಿಯಲಿಲ್ಲ, ಮೂಳೆ ನೋವೂ ಹೆಚ್ಚಲಿಲ್ಲ. ಆಯಾಸದ ವಿಷಯದಲ್ಲಿ ಮಾತ್ರ ಆ ಅಧ್ಯಯನದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳುವುದು ನ್ಯಾಯ.

ಹಾಗಾಗಿ ಕೇಳಬೇಕಾದ ಪ್ರಶ್ನೆ ವ್ಯಾಯಾಮ ಮಾಡಿಸಬಹುದೇ ಎಂಬುದಲ್ಲ, ಯಾವ ಮೂಳೆಯನ್ನು ಕಾಯಬೇಕು ಎಂಬುದು. ಮುಂದಿನ ಭೇಟಿಯಲ್ಲಿ ಸ್ಕ್ಯಾನ್ ವರದಿಯನ್ನು ವೈದ್ಯರ ಮುಂದಿಟ್ಟು ಕೇಳಿ: ಬೆನ್ನುಮೂಳೆಯ ಎಷ್ಟನೆಯ ಮಣಿಯಲ್ಲಿ ಗಡ್ಡೆಯಿದೆ, ಆ ಮಣಿ ಕುಸಿಯುವ ಲಕ್ಷಣವಿದೆಯೇ, ನರಹುರಿಯ ಹತ್ತಿರ ಏನಾದರೂ ಇದೆಯೇ, ತೊಡೆಮೂಳೆಯ ಮೇಲ್ತುದಿ ಚೆನ್ನಾಗಿದೆಯೇ? ತೊಡೆಮೂಳೆಯನ್ನು ವಿಶೇಷವಾಗಿ ಕೇಳಲು ಹೇಳುವುದಕ್ಕೆ ಕಾರಣವಿದೆ. ದೇಹದ ಭಾರವೆಲ್ಲ ಹಾದುಹೋಗುವ ಜಾಗ ಅದು, ಅಲ್ಲಿ ದೊಡ್ಡ ಗಡ್ಡೆಯಿದ್ದರೆ ಕೆಲವೊಮ್ಮೆ ಮುರಿಯುವ ಮೊದಲೇ ಆಪರೇಷನ್ ಮಾಡಿ ರಾಡ್ ಹಾಕಬೇಕಾಗುತ್ತದೆ. ಇನ್ನೊಂದು ಮಾತು. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದ ಮೂಳೆ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಅದನ್ನು ಕಂಡು ಮೂಳೆ ಗಟ್ಟಿಯಾಗಿದೆ ಎಂದು ಭಾವಿಸಬಾರದು. ಆ ಹೊಸ ಮೂಳೆಯ ಹೆಣಿಗೆಯೇ ಅಸ್ತವ್ಯಸ್ತವಾಗಿರುತ್ತದೆ, ಬಲವಿರುವುದಿಲ್ಲ.

ನಿಮ್ಮ ತಂದೆಯವರಿಗೆ ಬೆನ್ನಿನ ಕೆಳಭಾಗ ಮತ್ತು ಪಕ್ಕೆಲುಬು ಎಂದಿದ್ದೀರಿ. ವೈದ್ಯರು ಒಪ್ಪಿದರೆ ನಾನು ಆರಂಭಿಸುವುದು ಕುರ್ಚಿಯಿಂದ. ಕೈಯಿರುವ, ಗಟ್ಟಿಯಾದ, ಸ್ವಲ್ಪ ಎತ್ತರದ ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಅದರ ತುದಿಗೆ ಬಂದು ಕುಳಿತು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಬೆನ್ನನ್ನು ಗೂನು ಮಾಡದೆ ಸೊಂಟದಿಂದಲೇ ಮುಂದಕ್ಕೆ ಬಾಗಿ, ಉಸಿರು ಬಿಡುತ್ತ ಎದ್ದು ನಿಲ್ಲಬೇಕು. ಕುಳಿತುಕೊಳ್ಳುವಾಗ ಧೊಪ್ಪನೆ ಬೀಳದೆ ಮೂರು ಎಣಿಸುವಷ್ಟು ನಿಧಾನವಾಗಿ ಇಳಿಯಬೇಕು. ತೊಡೆಗೆ ನಿಜವಾದ ಕೆಲಸ ಸಿಗುವುದು ಇಳಿಯುವಾಗಲೇ, ಎಲ್ಲರೂ ತಪ್ಪಿಸಿಕೊಳ್ಳುವುದೂ ಅಲ್ಲೇ. ಮೊದಲಿಗೆ ಕುರ್ಚಿಯ ಕೈ ಹಿಡಿದು ಆರೋ ಎಂಟೋ ಬಾರಿ ಸಾಕು. ಅದು ಸಲೀಸಾದ ಮೇಲೆ ಕೈ ಬಿಟ್ಟು ಮಾಡಿಸಿ, ಆಮೇಲೆ ಬಾರಿಗಳನ್ನು ಹೆಚ್ಚಿಸಿ. ಕುಳಿತಲ್ಲೇ ಕಣಕಾಲಿಗೆ ಎಲಾಸ್ಟಿಕ್ ಬ್ಯಾಂಡ್ ಕಟ್ಟಿ ಮೊಣಕಾಲು ನೀಡುವುದು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಮೊಣಕೈಯನ್ನು ಪಕ್ಕಕ್ಕೆ ಇಟ್ಟುಕೊಂಡು ಸಣ್ಣ ಡಂಬಲ್ ಮಡಚುವುದು, ಇವುಗಳನ್ನು ಒಂದೊಂದಾಗಿ ಸೇರಿಸಬಹುದು. ಹೆಗಲ ಮೇಲೆ ಭಾರ ಹೊತ್ತು ಬಸ್ಕಿ, ನೆಲದಿಂದ ಭಾರ ಎತ್ತುವುದು, ಹೊಟ್ಟೆ ಇಳಿಸಲೆಂದು ಮಲಗಿ ಏಳುವ ಕಸರತ್ತು, ಸೊಂಟ ತಿರುಚುವುದು, ಇವು ಯಾವುವೂ ಬೇಡ. ಪಕ್ಕೆಲುಬಿನ ಕಾರಣದಿಂದ, ಎದೆ ಮತ್ತು ಭುಜಕ್ಕೆ ಜೋರು ಬೀಳುವ ಚಲನೆಗಳನ್ನೂ ಸದ್ಯಕ್ಕೆ ಮುಟ್ಟಬೇಡಿ.

ಎಷ್ಟು ಜೋರು ಎಂಬುದಕ್ಕೆ ಸರಳ ಅಳತೆಯೊಂದಿದೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಕ್ಯಾನ್ಸರ್ ರೋಗಿಗಳಿಗೆಂದು 2019ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ನೇತೃತ್ವದ ತಜ್ಞರು ಸೂಚಿಸಿದ ಪ್ರಮಾಣವು ವಾರಕ್ಕೆ ಮೂರು ಬಾರಿ 30 ನಿಮಿಷದ ನಡಿಗೆಯಂಥ ವ್ಯಾಯಾಮ, ವಾರಕ್ಕೆ ಎರಡು ಬಾರಿ ಸ್ನಾಯುಬಲದ ವ್ಯಾಯಾಮ. ಅದನ್ನು ತಲುಪಬೇಕಾದ ಊರು ಎಂದುಕೊಳ್ಳಿ, ಮೊದಲ ವಾರದಲ್ಲೇ ಅಲ್ಲಿರಬೇಕೆಂದಿಲ್ಲ. ಐದೈದು ನಿಮಿಷದ ತುಂಡುಗಳಾಗಿ ಆರಂಭಿಸಿದರೂ ಸರಿಯೇ.

ಕೊನೆಯದಾಗಿ ಹೇಳುವುದನ್ನು ಮನೆಯವರೆಲ್ಲರೂ ಓದಿಕೊಳ್ಳಬೇಕು. ವ್ಯಾಯಾಮದ ಮರುದಿನ ಮಾಂಸಖಂಡ ಹಿಡಿದುಕೊಂಡಂತೆ ಆಗುವುದು ಸಹಜ. ಆದರೆ ಮೂಳೆಯ ಒಂದೇ ಬಿಂದುವಿನಲ್ಲಿ ಹೊಸ ನೋವು, ರಾತ್ರಿ ಮಲಗಿದಾಗ ಹೆಚ್ಚುವ ಬೆನ್ನುನೋವು, ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂಥ ನೋವು, ಕಾಲುಗಳಲ್ಲಿ ಬಲ ಕುಸಿಯುವುದು, ಕೂರುವ ಜಾಗದಲ್ಲಿ ಮರಗಟ್ಟುವುದು, ಮೂತ್ರ ಅಥವಾ ಮಲದ ಹತೋಟಿ ತಪ್ಪುವುದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬಾರದು. ನರಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಅದೇ ದಿನ, ರಾತ್ರಿಯಾಗಿದ್ದರೂ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದು, ಇವರಿಗೆ ಬೆನ್ನುಮೂಳೆಯಲ್ಲಿ ಕ್ಯಾನ್ಸರ್ ಇದೆ ಎಂದು ಮೊದಲ ಮಾತಿನಲ್ಲೇ ಹೇಳಿ, ಎಂಆರ್‌ಐ ಮಾಡಿಸಬೇಕು. ಕಾಲು ಉಳಿಯುವುದು ಆ ಗಂಟೆಗಳ ಮೇಲೆ ನಿಂತಿರುತ್ತದೆ.

ಉತ್ತರ 2: ಮಲ್ಲೇಶ್ವರದ ಹಿರಿಯ, ಸ್ವತಃ ಚಿಕಿತ್ಸೆಯಲ್ಲಿರುವವರು

ಮಗಳೇ, ನಿಮ್ಮ ತಂದೆಯವರಿಗೆ ಇರುವ ಕಾಯಿಲೆಯೇ ನನಗೂ ಇದೆ, ನನ್ನದು ಸೊಂಟದ ಮೂಳೆಯಲ್ಲಿ. ಫಿಜಿಯೋ ಅವರು ಹೇಳಿರುವುದಕ್ಕೆ ನಮ್ಮ ಊರಿನ ಪಾರ್ಕುಗಳನ್ನು ಬಲ್ಲವನಾಗಿ ಒಂದೆರಡು ಮಾತು ಸೇರಿಸುತ್ತೇನೆ.

ಈಗ ಬಹುತೇಕ ಪಾರ್ಕುಗಳಲ್ಲಿ ಓಪನ್ ಜಿಮ್ ಹೆಸರಿನ ಕಬ್ಬಿಣದ ಉಪಕರಣಗಳಿವೆ. ಅವುಗಳಲ್ಲಿ ನಿಂತು ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ದುಂಡನೆಯ ತಟ್ಟೆಯೊಂದಿರುತ್ತದೆ, ವಯಸ್ಸಾದವರೆಲ್ಲ ಮೊದಲು ಹತ್ತುವುದು ಅದನ್ನೇ. ಬೆನ್ನುಮೂಳೆಯಲ್ಲಿ ಗಡ್ಡೆ ಇರುವವರು ಅದನ್ನು ಹತ್ತಲೇಬಾರದು. ಕಾಲನ್ನು ಹಿಂದಕ್ಕೂ ಮುಂದಕ್ಕೂ ಬೀಸುವ ಯಂತ್ರವೂ ಹಿಡಿತ ತಪ್ಪಿದರೆ ಬೀಳಿಸುವಂಥದ್ದು. ಕುಳಿತು ತುಳಿಯುವ ಸೈಕಲ್ ಇದ್ದರೆ, ಅದು ಅಲುಗಾಡದೆ ಗಟ್ಟಿಯಾಗಿದ್ದರೆ, ವೈದ್ಯರನ್ನು ಕೇಳಿ ಬಳಸಬಹುದು. ಸೊಂಟದ ಮೂಳೆ ನೋಯುವ ದಿನಗಳಲ್ಲಿ ನನಗೆ ನಡಿಗೆಗಿಂತ ಅದೇ ಹಿತ.

ಯೋಗದ ಬಗ್ಗೆ ನನಗೆ ಅಪಾರ ಗೌರವವಿದೆ, ಬಹಳ ವರ್ಷ ಮಾಡಿದವನು. ಆದರೆ ಪಾರ್ಕಿನಲ್ಲಿ ನಲವತ್ತು ಐವತ್ತು ಮಂದಿಗೆ ಒಬ್ಬರೇ ಗುರುಗಳು ಮೈಕಿನಲ್ಲಿ ಹೇಳಿಕೊಡುವಾಗ, ಯಾರ ಬೆನ್ನಿನಲ್ಲಿ ಏನಿದೆಯೆಂದು ಅವರಿಗೆ ಗೊತ್ತಾಗುವ ಬಗೆಯಿಲ್ಲ. ಹಲಾಸನ, ಸರ್ವಾಂಗಾಸನ, ಪಶ್ಚಿಮೋತ್ತಾನಾಸನ, ಬೆನ್ನನ್ನು ತಿರುಚುವ ಆಸನಗಳು, ವೇಗವಾಗಿ ಬಾಗಿ ಏಳುವ ಸೂರ್ಯನಮಸ್ಕಾರ ಇವೆಲ್ಲವೂ ನಮ್ಮಂಥವರ ಬೆನ್ನುಮೂಳೆಗೆ ಅಪಾಯ. ಪ್ರಾಣಾಯಾಮಕ್ಕೆ, ಕುರ್ಚಿಯ ಮೇಲೆ ಕುಳಿತು ಮಾಡುವ ಸರಳ ಚಲನೆಗಳಿಗೆ ಮತ್ತು ಕೊನೆಯ ಶವಾಸನಕ್ಕೆ ನಿಮ್ಮ ತಂದೆಯವರು ಧಾರಾಳವಾಗಿ ಹೋಗಲಿ. ಗುರುಗಳ ಬಳಿ ಮೊದಲೇ ಹೇಳಿಕೊಂಡು ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಗೆಳೆಯರ ಸಂಗವೂ ಔಷಧವೇ.

ನಡಿಗೆಗೆ ಜಾಗ ಆರಿಸುವುದರಲ್ಲೂ ಎಚ್ಚರ ಬೇಕು. ನಮ್ಮ ಫುಟ್‌ಪಾತುಗಳ ಕಲ್ಲುಚಪ್ಪಡಿಗಳು ಒಂದು ಎದ್ದು ಒಂದು ತಗ್ಗಿ ಇರುತ್ತವೆ, ಚರಂಡಿಯ ಮೇಲಿನ ಚಪ್ಪಡಿ ಕಾಲಿಟ್ಟೊಡನೆ ಮಗುಚುವುದೂ ಉಂಟು. ಸೊಂಟ ಬೆನ್ನು ಗಟ್ಟಿಯಿಲ್ಲದವರು ಬೀದಿಯಲ್ಲಿ ನಡೆಯುವುದಕ್ಕಿಂತ ಲಾಲ್‌ಬಾಗಿನ ಸಮತಟ್ಟಾದ ಒಳರಸ್ತೆಗಳೋ ಮನೆಯ ಹತ್ತಿರದ ಪಾರ್ಕಿನ ನಡಿಗೆಯ ದಾರಿಯೋ ವಾಸಿ. ಇನ್ನೊಂದು ವಿಷಯವನ್ನು ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಈ ಕಾಯಿಲೆಯವರಿಗೆ ಮೂತ್ರದ ಅವಸರ ಇದ್ದಕ್ಕಿದ್ದಂತೆ ಬರುತ್ತದೆ. ಅನೇಕರು ವಾಕಿಂಗ್ ಬಿಡುವುದು ಸುಸ್ತಿನಿಂದಲ್ಲ, ಈ ಭಯದಿಂದ. ಶೌಚಾಲಯವಿರುವ ಪಾರ್ಕನ್ನೇ ಆರಿಸಿ, ಅದರ ಸುತ್ತಮುತ್ತಲೇ ಸುತ್ತು ಹಾಕಲಿ. ಮೈ ಇದ್ದಕ್ಕಿದ್ದಂತೆ ಕಾದು ಬೆವರುವುದೂ ಇಂಜೆಕ್ಷನ್ನಿನ ಫಲವೇ, ಹತ್ತಿಯ ತೆಳು ಅಂಗಿ ಹಾಕಿ ಬಿಸಿಲೇರುವ ಮೊದಲೇ ಹೊರಡಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂತ್ರದ ಮಾತು ನಿಜವಾಗಿರಬೇಕು. ಓದಿ ಹೇಳಿದಾಗ ಅಪ್ಪ ಏನೂ ಅನ್ನಲಿಲ್ಲ, ಆದರೆ ಇಲ್ಲವೆಂದೂ ಅನ್ನಲಿಲ್ಲ. ಅವರ ಇನ್ನೊಂದು ಮಾತಿಗೆ ನನ್ನಲ್ಲಿ ಉತ್ತರವಿಲ್ಲ. “ಇದನ್ನೆಲ್ಲ ಮಾಡಿದರೆ ಆಯುಷ್ಯ ಹೆಚ್ಚುತ್ತದೆಯೇನಮ್ಮ? ಇಲ್ಲವಾದರೆ ಇರುವಷ್ಟು ದಿನ ಆರಾಮವಾಗಿರಲು ಬಿಡು” ಎನ್ನುತ್ತಾರೆ. ವೈದ್ಯರು ಯಾರಾದರೂ ಇದ್ದರೆ, ಇದಕ್ಕೆ ಮರೆಮಾಚದೆ ಉತ್ತರಿಸಿ. ವ್ಯಾಯಾಮಕ್ಕೆ ಮೊದಲು ಯಾವುದಾದರೂ ರಕ್ತಪರೀಕ್ಷೆ ಬೇಕೇ ಎಂಬುದನ್ನೂ ತಿಳಿಸಿ.

ಉತ್ತರ 3: ಕ್ಯಾನ್ಸರ್ ಚಿಕಿತ್ಸೆಯ ವೈದ್ಯೆ, ಬೆಂಗಳೂರು

ನಿಮ್ಮ ತಂದೆಯವರ ಪ್ರಶ್ನೆ ನೇರವಾಗಿದೆ, ಉತ್ತರವೂ ಹಾಗೆಯೇ ಇರಬೇಕು. ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ವ್ಯಾಯಾಮದಿಂದ ಆಯುಷ್ಯ ಹೆಚ್ಚುತ್ತದೆ ಎಂದು ನಾನು ಮಾತು ಕೊಡಲಾರೆ. ಕಾಯಿಲೆ ಇನ್ನೂ ಹರಡದಿದ್ದ 2,705 ಗಂಡಸರನ್ನು ವರ್ಷಗಟ್ಟಲೆ ಗಮನಿಸಿ ಅಮೆರಿಕದಲ್ಲಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹುರುಪಿನ ವ್ಯಾಯಾಮ ಮಾಡುತ್ತಿದ್ದವರು ಈ ಕ್ಯಾನ್ಸರಿನಿಂದ ಸಾಯುವ ಸಂಭವ, ಒಂದು ಗಂಟೆಗೂ ಕಡಿಮೆ ಮಾಡುತ್ತಿದ್ದವರಿಗಿಂತ 61% ಕಡಿಮೆ ಎಂದು ಕಂಡಿತು. ಆದರೆ ಗಟ್ಟಿಮುಟ್ಟಾಗಿದ್ದವರೇ ಹೆಚ್ಚು ವ್ಯಾಯಾಮ ಮಾಡಿರಬಹುದಲ್ಲ? ಗಮನಿಸುವ ಅಧ್ಯಯನ ಆ ಸಂಶಯವನ್ನು ಪೂರ್ತಿ ಕಳೆಯಲಾರದು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಮಾತ್ರ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2025ರಲ್ಲಿ ಬಂತು. ಆಪರೇಷನ್ ಮತ್ತು ಕೀಮೋ ಮುಗಿಸಿದ್ದ 889 ಮಂದಿಯಲ್ಲಿ, ಮೂರು ವರ್ಷ ಮಾರ್ಗದರ್ಶನದೊಂದಿಗೆ ವ್ಯಾಯಾಮ ಮಾಡಿದವರು ಎಂಟು ವರ್ಷದ ಹೊತ್ತಿಗೆ 90.3% ಬದುಕಿದ್ದರು, ಆರೋಗ್ಯದ ಕೈಪಿಡಿ ಮಾತ್ರ ಪಡೆದವರಲ್ಲಿ 83.2%. ಇದು ಭರವಸೆಯ ಸುದ್ದಿ. ಆದರೆ ಅದು ಬೇರೆ ಅಂಗದ, ಬೇರೆ ಹಂತದ ಕಾಯಿಲೆ, ಅದನ್ನು ಎತ್ತಿ ತಂದು ನಿಮ್ಮ ತಂದೆಯವರಿಗೆ ಅನ್ವಯಿಸುವುದು ಸರಿಯಲ್ಲ.

ಅವರಿಗೆ ನಾನು ಹೇಳುವುದು ಇಷ್ಟು. ಸರ್, ಹೊಸ ಔಷಧಗಳಿಂದಾಗಿ ನಿಮ್ಮ ಹಂತದ ಅನೇಕರು ವರ್ಷಗಟ್ಟಲೆ ಬದುಕುತ್ತಿದ್ದಾರೆ. ಆ ವರ್ಷಗಳಲ್ಲಿ ಸ್ನಾನಕ್ಕೆ ಒಬ್ಬರೇ ಹೋಗಿಬರುವುದು, ಕಮೋಡಿನಿಂದ ಯಾರನ್ನೂ ಕರೆಯದೆ ಏಳುವುದು, ಮದುವೆ ಮನೆಗೆ ಹೋಗಿ ಊಟದ ಪಂಕ್ತಿಯವರೆಗೆ ನಡೆಯುವುದು ನಿಮ್ಮ ತೊಡೆಗಳ ಬಲಕ್ಕೆ ಬಿಟ್ಟಿದ್ದು. ನೀವು ಕೇಳುತ್ತಿರುವ ಆರಾಮ ಅಲ್ಲಿದೆ.

ಪರೀಕ್ಷೆಗಳ ವಿಷಯ ಮುಖ್ಯ. ಅಬಿರಾಟೆರೋನ್ ಮಾತ್ರೆ ರಕ್ತದೊತ್ತಡವನ್ನು ಏರಿಸಬಹುದು, ರಕ್ತದ ಪೊಟ್ಯಾಸಿಯಂ ಅನ್ನು ಇಳಿಸಬಹುದು. ಪೊಟ್ಯಾಸಿಯಂ ಇಳಿದರೆ ಕಾಲು ಸೋಲುತ್ತದೆ, ಸ್ನಾಯು ಸೆಳೆತ ಬರುತ್ತದೆ, ಹೃದಯದ ಬಡಿತವೂ ಏರುಪೇರಾಗಬಹುದು. ಹಾಗಾಗಿ ಈ ನಿಶ್ಶಕ್ತಿಯೆಲ್ಲವೂ ಸ್ನಾಯು ಕರಗಿದ್ದರಿಂದಲೇ ಎಂದು ತೀರ್ಮಾನಿಸುವ ಮೊದಲು ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಸಕ್ಕರೆ, ಲಿವರ್ ಪರೀಕ್ಷೆ ಮತ್ತು ಬಿಪಿ ನೋಡಿಸಿ. ನಡೆದಾಗ ಎದೆಯಲ್ಲಿ ಬಿಗಿತವೋ ಅತಿಯಾದ ಉಬ್ಬಸವೋ ಇದ್ದರೆ ಹೃದಯದ ತಪಾಸಣೆ ಆಗಲೇಬೇಕು, ಏಕೆಂದರೆ ಹಾರ್ಮೋನ್ ಚಿಕಿತ್ಸೆಯಲ್ಲಿರುವವರಿಗೆ ಹೃದಯದ ತೊಂದರೆಯ ಅಪಾಯವೂ ಹೆಚ್ಚು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ, ಮೂಳೆ ಬಲಪಡಿಸುವ ಇಂಜೆಕ್ಷನ್ ಬೇಕೇ ಎಂಬುದನ್ನೂ ಕೇಳಿ. ಆ ಇಂಜೆಕ್ಷನ್ ಕೊಡುವುದಾದರೆ ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿ, ಕೀಳಬೇಕಾದ ಹಲ್ಲುಗಳನ್ನು ಮುಂಚೆಯೇ ಕೀಳಿಸಿಬಿಡಿ. ನಂತರ ಕಿತ್ತರೆ ದವಡೆಯ ಮೂಳೆ ಮಾಯದೆ ಉಳಿಯುವ ಸಂಭವವಿದೆ.

ಹೊತ್ತಿನ ಬಗ್ಗೆಯೂ ಒಂದು ಮಾತು. ಅಬಿರಾಟೆರೋನ್ ಮಾತ್ರೆಯನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ ನುಂಗಿ ಒಂದು ಗಂಟೆ ಏನೂ ತಿನ್ನದಿರಲು ಹೇಳುತ್ತೇವೆ. ಆ ಖಾಲಿ ಹೊಟ್ಟೆಯ ಗಂಟೆಯಲ್ಲೇ ಬಲದ ವ್ಯಾಯಾಮ ಮಾಡಿಸಬೇಡಿ. ತಿಂಡಿ ತಿಂದು ಒಂದೆರಡು ಗಂಟೆಯ ನಂತರವೋ ಸಂಜೆಯೋ ಮಾಡಿಸಿ.

ಉತ್ತರ 4: ರಾಜಾಜಿನಗರದ ಗೃಹಿಣಿ

ನಮ್ಮ ಯಜಮಾನರಿಗೂ ಇದೇ ಚಿಕಿತ್ಸೆ. ಆಹಾರದ ವಿಷಯವನ್ನು ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ವ್ಯಾಯಾಮ ಮಾಡಿಸಿ ಬರೀ ಅನ್ನ ತಿಳಿಸಾರು ಬಡಿಸಿದರೆ ಸ್ನಾಯು ಎಲ್ಲಿಂದ ಬರಬೇಕು? ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂವರೆಗೆ ಪ್ರೋಟೀನ್ ಸಿಗಬೇಕು ಎಂದು ನಮಗೆ ಆಹಾರ ತಜ್ಞರು ಹೇಳಿದರು, ಕಿಡ್ನಿ ಸರಿಯಿದ್ದವರಿಗೆ ಮಾತ್ರ ಈ ಲೆಕ್ಕ. ಬೆಳಿಗ್ಗೆ ಮೊಟ್ಟೆಯೋ ಹೆಸರುಬೇಳೆ ದೋಸೆಯೋ, ಮಧ್ಯಾಹ್ನ ಮುದ್ದೆಯ ಜೊತೆ ಹುರುಳಿಕಾಳು ಅಥವಾ ಅವರೆಕಾಳಿನ ಗಟ್ಟಿ ಸಾರು, ಸಂಜೆ ಹುರಿಗಡಲೆ, ರಾತ್ರಿ ಗಟ್ಟಿ ಮೊಸರು, ಹೀಗೆ ಪ್ರತಿ ಹೊತ್ತಿನಲ್ಲೂ ಒಂದಿಷ್ಟು ಇರುವಂತೆ ನೋಡಿಕೊಳ್ಳುತ್ತೇನೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿರುವುದು ಮೂಳೆಗೂ ಒಳ್ಳೆಯದು.

ವ್ಯಾಯಾಮಕ್ಕೆ ನಾವು ಟಿವಿ ವಾರ್ತೆಯ ಹೊತ್ತನ್ನು ಗೊತ್ತು ಮಾಡಿಕೊಂಡಿದ್ದೇವೆ. ನಾನೂ ಎದುರಿನ ಕುರ್ಚಿಯಲ್ಲಿ ಕುಳಿತು ಅವರ ಜೊತೆಗೇ ಏಳುತ್ತೇನೆ, ಕೂರುತ್ತೇನೆ. ಒಬ್ಬರೇ ಮಾಡಿ ಎಂದಾಗ ಅವರು ಮಾಡುತ್ತಿರಲಿಲ್ಲ. ಸ್ನಾನದ ಮನೆಯಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ, ನೆಲಕ್ಕೆ ಜಾರದ ಮ್ಯಾಟ್ ಹಾಸಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಸಣ್ಣ ದೀಪ ಉರಿಯಲಿ. ಇದನ್ನು ಕುರ್ಚಿಯ ವ್ಯಾಯಾಮ ಆರಂಭಿಸುವ ಮೊದಲೇ ಮಾಡಿಸಿ.

ಪ್ರಶ್ನೆ ಕೇಳಿದವರು

ವೈದ್ಯರ ಮಾತನ್ನು ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಕುರ್ಚಿಯನ್ನು ಗೋಡೆಗೆ ಒರಗಿಸಿ ಇಟ್ಟದ್ದು ಅವರೇ. ಸ್ಕ್ಯಾನ್ ತೋರಿಸಿ ಒಪ್ಪಿಗೆ ಪಡೆಯುವವರೆಗೆ ಬೇರೇನೂ ಸೇರಿಸುವುದಿಲ್ಲ, ರಕ್ತಪರೀಕ್ಷೆಯನ್ನು ಈ ವಾರವೇ ಮಾಡಿಸುತ್ತೇವೆ. ಕೊನೆಯದೊಂದು ಸಂಶಯ: ಇಂಜೆಕ್ಷನ್ ಕೊಟ್ಟ ದಿನ, ಜ್ವರ ಬಂದ ದಿನ, ಅಥವಾ ತೀರ ಸುಸ್ತಾದ ದಿನ ಏನು ಮಾಡಬೇಕು? ಮುಂದೆ ಕೀಮೋ ಬೇಕಾದರೆ ಆಗಲೂ ಮುಂದುವರಿಸಬಹುದೇ?

ಉತ್ತರ 5: ಜಯನಗರದ ಫಿಜಿಯೋಥೆರಪಿಸ್ಟ್

ಹಾರ್ಮೋನ್ ಇಂಜೆಕ್ಷನ್ ಕೊಟ್ಟ ದಿನ ಆ ಜಾಗ ನೋಯುತ್ತಿದ್ದರೆ ಅದನ್ನು ಎಳೆಯುವ ಚಲನೆ ಬಿಟ್ಟು ಉಳಿದದ್ದನ್ನು ಮಾಡಬಹುದು. ಜ್ವರವಿದ್ದರೆ ವ್ಯಾಯಾಮ ಬೇಡವೇ ಬೇಡ. ಕೀಮೋ ನಡೆಯುತ್ತಿರುವಾಗ ಜ್ವರ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕು, ಬಿಳಿ ರಕ್ತಕಣಗಳು ಕುಸಿದಿರಬಹುದು. ಕೀಮೋ ಸಮಯದಲ್ಲೂ ವ್ಯಾಯಾಮ ಮುಂದುವರಿಸಬಹುದು. ಡ್ರಿಪ್ ಕೊಟ್ಟ ನಂತರದ ಕೆಲವು ದಿನ ಕಡಿಮೆ ಮಾಡಿ, ಮುಂದಿನ ಸುತ್ತಿಗೆ ಮೊದಲಿನ ವಾರದಲ್ಲಿ ಮತ್ತೆ ಏರಿಸಿಕೊಂಡರಾಯಿತು. ಡೊಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧದಿಂದ ಪಾದಗಳು ಜೋಮು ಹಿಡಿದರೆ ಬರಿಗಾಲಲ್ಲಿ ಮಾಡಿಸಬೇಡಿ, ಹಿಂಬದಿ ಪಟ್ಟಿಯಿಲ್ಲದ ಹವಾಯಿ ಚಪ್ಪಲಿಯೂ ಬೇಡ, ಹಿಮ್ಮಡಿ ಹಿಡಿಯುವ ಶೂ ಇರಲಿ.

ತೀರ ಸುಸ್ತಾದ ದಿನ ಅರ್ಧ ಮಾಡಲಿ. ಅದೂ ಆಗದಿದ್ದರೆ, ಪ್ರತಿ ಊಟದ ನಂತರ ಕುರ್ಚಿಯಿಂದ ಮೂರು ಬಾರಿ ಎದ್ದು ಕೂತು, ಹಜಾರದಲ್ಲಿ ಒಂದು ಸುತ್ತು ನಡೆಯಲಿ. ಮಧ್ಯಾಹ್ನದ ನಿದ್ದೆಗೆ ಅರ್ಧ ಗಂಟೆಯ ಅಲಾರಂ ಇಡಿ. ಸ್ಕ್ಯಾನ್ ತೋರಿಸಲು ಹೋಗುವಾಗ, ವರದಿಯ ಕಾಗದದ ಜೊತೆಗೆ ಸಿಡಿಯನ್ನೂ ಮರೆಯದೆ ತೆಗೆದುಕೊಂಡು ಹೋಗಿ.